ಪೋಲಿಕ್ಸೆನಿಯ ನಲವತ್ತು ಯೂರೋ ಚೀಟಿ

ಗ್ರೀಸಿನ ವೋಲೋಸ್ ಬಂದರಿನ ಹಿಂದಿನ ಓಣಿಯಲ್ಲಿ ಪೋಲಿಕ್ಸೆನಿಯದು ವಿಡಿಯೋ ಗೇಮ್ ಅಂಗಡಿ, ಎದುರಿಗೆ ನನ್ನದು ಗಡಿಯಾರ ರಿಪೇರಿ. ಇಪ್ಪತ್ತೆರಡು ವರ್ಷ ಅವಳ ವ್ಯಾಪಾರ ನೋಡಿದ್ದೇನೆ. ಹೊಸ ಆಟ ಮಾರಿ ಯಾರೂ ಉದ್ಧಾರವಾಗಲಿಲ್ಲ. ಅರವತ್ತಾರಕ್ಕೆ ತಂದು ಎಪ್ಪತ್ತಕ್ಕೆ ಮಾರಬೇಕು. ಆ ನಾಲ್ಕು ಯೂರೋದಲ್ಲೇ ಬಾಡಿಗೆ, ಕರೆಂಟು, ತೆರಿಗೆ. ಹೊಟ್ಟೆ ತುಂಬಿಸುವುದು ಹಳೆಯ ಡಿಸ್ಕು. ನಲವತ್ತು ಕೊಟ್ಟು ವಾಪಸು ಕೊಂಡದ್ದು ಅರವತ್ತಕ್ಕೆ ಹೋಗುತ್ತದೆ, ಅದೇ ತಿರುಗಿ ಬಂದರೆ ಮತ್ತೆ ಲಾಭ.

ಅದಕ್ಕೇ ದೊಡ್ಡ ಆಟ ಬಂದ ದಿನ ಅವಳು ಅಸಲಿಗೇ ಮಾರಿ, ಜೊತೆಗೊಂದು ಚೀಟಿ ಕೊಡುವಳು: ಹತ್ತು ದಿನದೊಳಗೆ ತಂದುಕೊಟ್ಟರೆ ನಲವತ್ತು ಯೂರೋ, ಕೆಳಗೆ ಅಂಗಡಿಯ ಮೊಹರು.

"ಲಾಭವೇ ಇಲ್ದೆ ಮಾರ್ತೀಯಲ್ಲ, ತಲೆ ಕೆಟ್ಟಿದ್ಯಾ?" ಎಂದು ನಾನು ಕೆಣಕುತ್ತಿದ್ದೆ.

"ನೀನು ಮುಳ್ಳು ತಿರುಗಿಸ್ಕೊಂಡಿರು ಮಾರಾಯ. ಗಾಳ ಹಾಕೋನು ಎರೆಹುಳಕ್ಕೆ ಅಳ್ತಾನಾ?"

ಆದರೆ ಈಚೆಗೆ ಜನ ಮನೆಯಲ್ಲೇ ಕೂತು ಇಂಟರ್ನೆಟ್ಟಿನಿಂದ ಆಟ ಇಳಿಸಿಕೊಳ್ಳತೊಡಗಿದ್ದರು, ಹಳೆಯ ಡಿಸ್ಕಿನ ಕಪಾಟು ಅರ್ಧ ಖಾಲಿ. ಡಿಸೆಂಬರಿಗೆ ಬಾಡಿಗೆ ಬಾಕಿ ತೀರದಿದ್ದರೆ ಜಾಗ ಬಿಡಬೇಕೆಂದು ಮಾಲೀಕ ಹೇಳಿಬಿಟ್ಟಿದ್ದ. ಅಕ್ಟೋಬರಿನಲ್ಲಿ ಅವಳು ಬಾಡಿಗೆಗೆ ಕೂಡಿಟ್ಟದ್ದರಲ್ಲೇ ಕೈಹಾಕಿ ಹೊಸ ಆಟದ ಅರವತ್ತು ಪೆಟ್ಟಿಗೆ ತರಿಸಿದಳು. ಎರಡೇ ದಿನದಲ್ಲಿ ಎಲ್ಲ ಖಾಲಿ. ಅವಳು ಹಾಡು ಗುನುಗಿದ್ದನ್ನು ಎಷ್ಟೋ ವರ್ಷದ ಮೇಲೆ ಕೇಳಿದೆ.

ಒಂಬತ್ತನೆಯ ದಿನ ಕ್ಷೌರದಂಗಡಿಯ ಥೆಮಿಸ್ಟೊಕ್ಲಿಸ್ ಪೆಟ್ಟಿಗೆಯೊಂದಿಗೆ ಬಂದ. ಅವಳು ತೆರೆದು ನೋಡಿದರೆ ಡಿಸ್ಕಿಲ್ಲ, ಅಂಕಿಗಳಿದ್ದ ಒಂದು ಕಾಗದ.

"ಡಿಸ್ಕೆಲ್ಲಿ?"

"ಇದ್ದಿದ್ದೇ ಇಷ್ಟು ಅಕ್ಕಾ. ಈ ನಂಬರು ಒತ್ತಿದೆ, ಆಟ ಮೆಷಿನ್ನಿಗೆ ಬಂತು."

ಆ ನಂಬರು ಒಮ್ಮೆ ಒತ್ತಿದರೆ ಮುಗಿಯಿತು, ಇನ್ನೊಬ್ಬರಿಗೆ ಬರುವುದಿಲ್ಲ. ಹೊಸ ಮಾಲಿನ ಪೆಟ್ಟಿಗೆಯನ್ನು ನಮ್ಮಲ್ಲಿ ಯಾರೂ ಒಡೆಯುವುದಿಲ್ಲ, ಒಡೆದರೆ ಅದು ಹೊಸತಲ್ಲ. ಒಳಗೆ ಡಿಸ್ಕಿಲ್ಲ, ನಂಬರು ಮಾತ್ರ ಎಂದು ಸಗಟು ವ್ಯಾಪಾರಿಯ ಪಟ್ಟಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತಂತೆ. ಅವಳು ಓದಿರಲಿಲ್ಲ.

ಅವಳು ಕಪಾಟನ್ನೊಮ್ಮೆ ನೋಡಿ ನಲವತ್ತು ಎಣಿಸಿ ಕೊಟ್ಟಳು. ನನಗೆ ಮೈ ಉರಿಯಿತು.

"ಆಟವೂ ಅವ್ನ ಮನೇಲಿ, ದುಡ್ಡೂ ಅವ್ನ ಜೇಬಲ್ಲಿ! ಯಾಕೆ ಕೊಡ್ತೀಯೇ?"

"ಮೊಹರು ನಂದು."

ಸುದ್ದಿ ಹರಡಿತು. ಮರುದಿನ ಸಂಜೆಯೊಳಗೆ ಮೂವತ್ತೊಂದು ಜನ ಬಂದರು. ನಾಚಿಕೆಗೆಟ್ಟವರು, ಕೆಲವರು ಕಾಫಿಯನ್ನೂ ಕೇಳಿದರು. ಅವಳು ಎಲ್ಲರಿಗೂ ಕೊಟ್ಟಳು, ಕಣ್ಣು ಒದ್ದೆಯಾಗಲಿಲ್ಲ. ಬಾಡಿಗೆಯ ದುಡ್ಡು ಕರಗುವುದನ್ನು ನಾನು ಎದುರಿನಿಂದ ನೋಡುತ್ತಾ ಕೂತೆ. ಬೇರೇನು ಮಾಡಲಿ?

ಕೊನೆಗೆ ಬಸ್ ಓಡಿಸುವ ಲಾಂಬ್ರೋಸ್ ಬಂದು ಚೀಟಿಯನ್ನು ಮೇಜಿನ ಮೇಲಿಟ್ಟ.

"ನಂಗೆ ದುಡ್ಡು ಬೇಡಕ್ಕಾ. ಪಾಪ, ನೀವೇ ಇಟ್ಕೊಳ್ಳಿ."

ಅವಳ ಕಣ್ಣು ಆಗ ಒದ್ದೆಯಾಯಿತು. ನಲವತ್ತನ್ನು ಅವನ ಅಂಗಿ ಜೇಬಿಗೆ ತುರುಕಿ ಹೊರಗೆ ತಳ್ಳಿದಳು. ಷಟರ್ ಎಳೆಯಲು ಕೈ ಸಾಲದೆ ನನ್ನನ್ನು ಕರೆದಳು. ಇಬ್ಬರೂ ಸೇರಿ ಎಳೆದೆವು.

"ನಾಳೆ ತೆಗೀತೀಯಲ್ಲ?" ಎಂದೆ.

"ಇಷ್ಟು ವರ್ಷ ಗಿರಾಕಿ ಬರ್ತಿದ್ರು," ಎಂದಳು. "ಇವತ್ತು ಭಿಕ್ಷೆ ಹಾಕೋರು ಬಂದ್ರು. ಇನ್ನು ಯಾರಿಗೆ ತೆಗೀಲಿ?"