ಬೀರಪ್ಪನನ್ನು ಹುಡುಕಿಕೊಂಡು ದುರ್ಗಕ್ಕೆ

ದಸರಾ ರಜೆ ಮುಗಿದು ಹನ್ನೆರಡು ದಿನವಾದರೂ ಕಾಲೇಜಿನ ಎಫ್.ಎ. ತರಗತಿಯ ಎರಡನೆಯ ವರ್ಷದ ವಿದ್ಯಾರ್ಥಿ ಬೀರಪ್ಪ ಹಾಸ್ಟೆಲಿಗೆ ಮರಳಿರಲಿಲ್ಲ. ಮುಂದಿನ ಸೋಮವಾರದೊಳಗೆ ಹಾಜರಾಗದಿದ್ದರೆ ಅವನ ಉಚಿತ ಸೀಟನ್ನು ಬೇರೆಯವರಿಗೆ ಕೊಡುವುದಾಗಿ ಪ್ರಿನ್ಸಿಪಾಲರು ಹೇಳಿದರು. ಮೂರು ಕಾಗದ ಬರೆದಿದ್ದೆ, ಒಂದಕ್ಕೂ ಉತ್ತರವಿಲ್ಲ. ಕಾಲೇಜಿನಲ್ಲಿ ಚರಿತ್ರೆಯ ಪಾಠವೂ ಹಾಸ್ಟೆಲಿನ ಉಸ್ತುವಾರಿಯೂ ನನ್ನವು. ಒಂದು ವಾರದ ರಜೆ ಪಡೆದು, ಮಂಗಳವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ರೈಲು ಹತ್ತಿದೆ.

ಹೊಸದುರ್ಗಕ್ಕೆ ಹೋಗುವವರು ಇಳಿಯುವ ಸ್ಟೇಷನ್ನು ಊರಿನಿಂದ ಹತ್ತು ಹನ್ನೆರಡು ಮೈಲಿ ದೂರ. ಅಲ್ಲೇ ತಂಗಿದ್ದು ಬುಧವಾರ ಎತ್ತಿನ ಗಾಡಿ ಹಿಡಿದೆ. ಬಾಡಿಗೆ ಒಂದೂವರೆ ರೂಪಾಯಿ. ಚಳಿಗಾಳಿ ಬೀಸುತ್ತಿತ್ತು, ಗಾಳಿಯಲ್ಲೆಲ್ಲ ಧೂಳು. ಮಧ್ಯಾಹ್ನ ಹೊಸದುರ್ಗದಲ್ಲಿ ಬೀರಪ್ಪನಿಗೆ ಅಕ್ಷರ ಕಲಿಸಿದ ಸಿದ್ದರಾಮ ಮೇಷ್ಟ್ರ ಮನೆ ಕೇಳಿಕೊಂಡು ಹೋದೆ. ಅವರು ರೊಟ್ಟಿ, ಹುರುಳಿಕಾಳಿನ ಪಲ್ಯ ಬಡಿಸಿ ಎದುರು ಕುಳಿತರು.

"ಇಲ್ಲಿ ಕಂಬಳಿ ನೇಯೋರ ಪೈಕಿ ಕಾಲೇಜಿಗೆ ಹೋದೋನು ಅವನೊಬ್ನೇರಿ. ಹೋಗೋ ದಿನ ಕೇರಿ ಮಂದಿಯೆಲ್ಲ ಊರಾಚೆ ತೋಪಿನ ಗಂಟ ಬಂದಿದ್ರು. ಅಲ್ಲಿಂದ ಮುಂದಕ್ಕೆ ಹೆಂಗೆ ಏನು ಅಂತ ಹೇಳಾಕೆ ನಮ್ಮಲ್ಲಿ ಯಾರಿಗೂ ಗೊತ್ತಿರ್ಲಿಲ್ಲ," ಎಂದರು. ಬೀರಪ್ಪನ ಮನೆಯವರು ಈಗ ಹಿರಿಯೂರಿನಲ್ಲಿ ಅವನ ಅಕ್ಕ ಕೆಂಚಮ್ಮನ ಜೊತೆಗಿದ್ದಾರೆಂದೂ, ನನ್ನ ಕಾಗದಗಳನ್ನು ತಾವು ಅಲ್ಲಿಗೇ ಕಳಿಸಿಕೊಟ್ಟಿರುವುದಾಗಿಯೂ ತಿಳಿಸಿದರು.

ಹಿರಿಯೂರಿಗೆ ಮೂವತ್ತೈದು ಮೈಲಿಗೂ ಹೆಚ್ಚು. ನಡುವೆ ಒಂದು ಛತ್ರದಲ್ಲಿ ತಂಗಿ, ಮಾರಿಕಣಿವೆಯ ಹೊಸ ಅಣೆಕಟ್ಟೆಯನ್ನು ದೂರದಿಂದಲೇ ನೋಡಿಕೊಂಡು, ಗುರುವಾರ ಸಂಜೆ ತಲುಪಿದೆ. ಕೆಂಚಮ್ಮ ಉಣ್ಣೆ ಹಿಂಜುತ್ತ ಕುಳಿತಿದ್ದಳು. ಕಾಲೇಜಿನವನೆಂದು ಹೇಳುತ್ತಲೇ ಎದ್ದು ನಿಂತು ತಲೆಯ ಮೇಲೆ ಸೆರಗು ಎಳೆದುಕೊಂಡಳು.

ಕಾಗದ ಬಂದವೇ ಎಂದು ಕೇಳಿದೆ. ಒಳಗೆ ಹೋಗಿ ದೇವರ ಗೂಡಿನಿಂದ ಮೂರು ಲಕೋಟೆ ತಂದು ನನ್ನ ಕೈಗಿಟ್ಟಳು. ಮೂರನ್ನೂ ಒಡೆದಿರಲಿಲ್ಲ. ಮೇಲೆ ಅರಿಶಿನದ ಬೊಟ್ಟು ಇಟ್ಟಿದ್ದರು.

"ಸರ್ಕಾರದ ಕಾಗದ ಅಂತ ಹೆದ್ರಿ ಇಟ್ವಿ ಸ್ವಾಮಿ. ಮೇಲೆ ಬರೆದಿದ್ದನ್ನ ಒಬ್ರಿಗೆ ತೋರಿಸಿದ್ರೆ, ಇದು ಇಂಗ್ಲೀಷು, ನನಗೆ ಬರಲ್ಲ ಅಂದ್ರು."

ಇಂಗ್ಲಿಷಿನಲ್ಲಿ ಬರೆದವನು ನಾನೇ. ಅದನ್ನು ಓದುವವರು ಯಾರೆಂದು ಬರೆಯುವಾಗ ಯೋಚಿಸಿರಲಿಲ್ಲ.

"ಬೀರಪ್ಪ ಎಲ್ಲಿ?"

"ಅಪ್ಪ ದುರ್ಗದ ಸಂತೆಗೆ ಕಂಬಳಿ ಮಾರಾಕೆ ಹೋದೋನು ಪ್ಲೇಗಾಗಿ ಸತ್ತ. ಸುದ್ದಿ ಕೇಳಿ ಅವ್ವನೂ ತಮ್ಮನೂ ಹೋದ್ರು. ಕಾಯಿಲೆ ಅಂಟಿರಬೋದು ಅಂತ ಸರ್ಕಾರದೋರು ಅವರನ್ನ ಅಲ್ಲೇ ಊರಾಚೆ ಶೆಡ್ಡಿನಾಗೆ ಇಟ್ಕಂಡವ್ರೆ."

ಶುಕ್ರವಾರ ಹೊರಟು ಐಮಂಗಲದಲ್ಲಿ ರಾತ್ರಿ ಕಳೆದೆ. ದುರ್ಗದಲ್ಲಿ ಕಾಯಿಲೆ ಇದೆಯೆಂದು ಅಲ್ಲಿಂದ ಮುಂದಕ್ಕೆ ಗಾಡಿಯವನು ಒಪ್ಪಲಿಲ್ಲ. ಎರಡರಷ್ಟು ಬಾಡಿಗೆ ಹೇಳಿದ ಮೇಲೆ ಊರ ಹೊರಗೆ ಇಳಿಸಲು ಒಪ್ಪಿದ. ಶನಿವಾರ ಬೆಳಿಗ್ಗೆ ಪೇಟೆಯ ಬೀದಿಗಳಲ್ಲಿ ಬಾಗಿಲುಗಳಿಗೆಲ್ಲ ಬೀಗ. ಕಾಯಿಲೆಯ ಸೋಂಕು ಹೋಗಲೆಂದು ಮನೆಗಳ ಹೆಂಚು ತೆಗೆದು ಒಳಗೆ ಬಿಸಿಲು ಬೀಳಲು ಬಿಟ್ಟಿದ್ದರು. ಬೆಟ್ಟದ ಆಚೆಯ ಬಯಲಿನಲ್ಲಿ ತಡಿಕೆಯ ಶೆಡ್ಡುಗಳು ಸಾಲಾಗಿದ್ದವು, ಸುತ್ತ ಮುಳ್ಳಿನ ಬೇಲಿ.

ಬೇಲಿಯ ಒಳಗೆ ಒಂದು ಮರದ ಪೆಟ್ಟಿಗೆಯ ಮುಂದೆ ಕುಳಿತು ಬೀರಪ್ಪ ಶೆಡ್ಡಿನವರ ಹೆಸರುಗಳನ್ನು ಬರೆಯುತ್ತಿದ್ದ. ಅಲ್ಲಿದ್ದವರಲ್ಲಿ ಬರೆಯಬಲ್ಲವನು ಅವನೊಬ್ಬನೇ ಎಂದು ಆ ಕೆಲಸಕ್ಕೆ ಹಚ್ಚಿದ್ದರಂತೆ. ನನ್ನನ್ನು ಕಂಡು ಎದ್ದು ಬಂದ; ಬೇಲಿಗೆ ನಾಲ್ಕು ಮಾರು ದೂರದಲ್ಲೇ ನಿಂತ. ತುಂಬಾ ಇಳಿದುಹೋಗಿದ್ದ.

"ಯಾರನ್ನ ನೋಡಾಕೆ ಬಂದ್ರಿ ಸಾರ್?" ಎಂದ.

"ನಿನ್ನನ್ನೇ."

ಅವನಿಗೆ ನಂಬಿಕೆಯಾಗಲಿಲ್ಲ. "ನಾನು ಬಂದಿಲ್ಲ ಅಂತ ಅಲ್ಲಿ ಯಾರಿಗಾದ್ರೂ ಗೊತ್ತಾಗ್ತೈತೆ ಅಂತ ನಾನು ಅಂದ್ಕೊಂಡಿರ್ಲಿಲ್ಲ," ಎಂದ.

ಸೋಮವಾರದ ಗಡುವನ್ನು ಹೇಳಿದೆ. ಈಗಲೇ ಹೊರಟರೆ ಹೊಳಲ್ಕೆರೆಯ ದಾರಿಯಾಗಿ ಹೋಗಿ ರೈಲು ಹಿಡಿಯಬಹುದು ಎಂದೆ. ಅವನು ಹಿಂದಕ್ಕೆ ನೋಡಿದ. ಶೆಡ್ಡಿನ ಬಾಯಲ್ಲಿ ಅವನ ತಾಯಿ ಕಂಬಳಿ ಹೊದ್ದು ಗೋಡೆಗೆ ಒರಗಿದ್ದಳು. ಮೂರು ದಿನದಿಂದ ಜ್ವರ. ಮನೆಯವರಿಗೆ ಕಾಯಿಲೆಯಾದರೆ ಮತ್ತೆ ಹತ್ತು ದಿನ ಕಳೆಯುವ ತನಕ ಶೆಡ್ಡಿನಲ್ಲಿದ್ದವರಿಗೆ ರೈಲು ಹತ್ತಲು ಬೇಕಾದ ಪಾಸು ಕೊಡುವುದಿಲ್ಲ ಎಂದ. ಕ್ಯಾಂಪಿನ ಡಾಕ್ಟರರನ್ನು ಕೇಳಿಕೊಂಡೆ. ಅವರೂ ಕೈಚೆಲ್ಲಿದರು.

ಅಷ್ಟರಲ್ಲಿ ಅವನ ತಾಯಿ ಅಲ್ಲಿಂದಲೇ ಕೂಗಿದಳು. "ಕರ್ಕಂಡು ಹೋಗ್ರಿ ಸ್ವಾಮಿ. ನಾನು ಹೆಂಗೋ ಇರ್ತೀನಿ."

"ಸುಮ್ಕಿರವ್ವ," ಎಂದ ಬೀರಪ್ಪ. ನನ್ನ ಕಡೆ ತಿರುಗಿ, "ಪಾಸು ಕೊಟ್ರೂ ನಾನು ಬರ್ತಿರ್ಲಿಲ್ಲ ಸಾರ್. ನೀವು ಬಂದಿದ್ದು ದೊಡ್ಡದಾಯ್ತು. ಹೊತ್ತಾಗೋಕ್ಕೆ ಮುಂಚೆ ಹೋಗ್ರಿ," ಎಂದ.

ಹೊಳಲ್ಕೆರೆಗೆ ಇಪ್ಪತ್ತು ಮೈಲಿ. ಭಾನುವಾರ ಅಲ್ಲಿ ಮಂಡಕ್ಕಿ, ಚಹಾ ತೆಗೆದುಕೊಂಡು ಸ್ಟೇಷನ್ನಿಗೆ ಹೋದೆ. ಸೋಮವಾರ ಪ್ರಿನ್ಸಿಪಾಲರ ಎದುರು ನಿಂತು ಕಂಡದ್ದನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ನಿಯಮವನ್ನು ಒಬ್ಬನಿಗಾಗಿ ಸಡಿಲಿಸಿದರೆ ಎಲ್ಲರಿಗೂ ಸಡಿಲಿಸಬೇಕಾಗುತ್ತದೆ ಎಂದರು. ಸೀಟು ಅಂದೇ ಬೇರೆಯವನ ಹೆಸರಿಗೆ ಹೋಯಿತು. ಮುಂದಿನ ವರ್ಷಕ್ಕಾದರೂ ಅವನ ಜಾಗ ಉಳಿಸಬೇಕೆಂದು ಬರೆದುಕೊಟ್ಟ ಅರ್ಜಿಯನ್ನು ಮಾತ್ರ ಅವರು ತಿರಸ್ಕರಿಸಲಿಲ್ಲ.

ಮೂರು ವಾರದ ಮೇಲೆ ಬೀರಪ್ಪನ ಕಾಗದ ಬಂತು. ತಾಯಿ ತೀರಿಕೊಂಡಿದ್ದಳು. ಕ್ಯಾಂಪಿನ ಗುಮಾಸ್ತೆಯ ಕೆಲಸದಲ್ಲೇ ಉಳಿಯುವುದಾಗಿಯೂ, ಮರಳಿ ಓದಲು ಮನಸ್ಸಿಲ್ಲವೆಂದೂ ಬರೆದಿದ್ದ. ಹಾಸ್ಟೆಲಿನಲ್ಲಿರುವ ತನ್ನ ಪುಸ್ತಕಗಳನ್ನು, ಮನೆಯಲ್ಲಿ ಹೇಳಿಕೊಡುವವರು ಯಾರೂ ಇಲ್ಲದ ಹುಡುಗ ಬಂದರೆ ಕೊಡಬೇಕೆಂದು ಕೇಳಿಕೊಂಡಿದ್ದ.

ಹಾಸ್ಟೆಲಿನಲ್ಲಿ ಅವನ ಮಂಚದ ಕೆಳಗಿದ್ದ ಟ್ರಂಕು ತೆಗೆಸಿದೆ. ಮೇಲೆಯೇ ನಾನು ಪಾಠ ಮಾಡುತ್ತಿದ್ದ ಚರಿತ್ರೆಯ ಪುಸ್ತಕವಿತ್ತು. ಸಾಲುಸಾಲಿನ ಮೇಲೂ ಪೆನ್ಸಿಲಿನಲ್ಲಿ ಕನ್ನಡದ ಅರ್ಥ, ಸಣ್ಣ ದುಂಡು ಅಕ್ಷರ. ಅರ್ಥ ಸಿಗದ ಕಡೆಗಳಲ್ಲಿ 'ಸಾರ್ ಅವರನ್ನು ಕೇಳಬೇಕು' ಎಂದಷ್ಟೇ ಬರೆದುಕೊಂಡಿದ್ದ. ಪುಟಪುಟಕ್ಕೂ ಹಾಗೆ ಬರೆದಿತ್ತು. ಅಷ್ಟು ದಿನದಲ್ಲಿ ಅವನು ನನ್ನನ್ನು ಒಂದು ಮಾತೂ ಕೇಳಿರಲಿಲ್ಲ.