ಹರಿವ ನೀರನ್ನು ಕಿವಿಗೆ ತಂದ ಅಣವೀರ ಸರ್

ವಾಡಿ ಜಂಕ್ಷನ್ನಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಒಬ್ಬರು ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಕಣ್ಣು ಮುಚ್ಚಿ ಕುಳಿತಿದ್ದಾರೆ. ಬೆರಳುಗಳು ಮಾತ್ರ ಕೀಲಿಮಣೆಯ ಮೇಲೆ ಆಡುತ್ತಿವೆ. ಹಾಡಿನಲ್ಲಿ ಮುಳುಗಿದ್ದಾರೆಂದುಕೊಂಡು ಚಹಾದವನು ಎರಡು ಸಲ ಕೂಗಿ ಮುಂದೆ ಹೋಗುತ್ತಾನೆ. ಅವರು ಕೇಳುತ್ತಿರುವುದು ಪೈಪಿನಲ್ಲಿ ಹರಿಯುವ ನೀರನ್ನು.

ಇವರು ಅಣವೀರ. ಚಿತ್ತಾಪುರದ ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕರು. ಹುಟ್ಟೂರು ಚಿಂಚೋಳಿ ತಾಲ್ಲೂಕಿನ ಕೊಡ್ಲಿ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಬಿದ್ದವರು. "ಪೈಪ್ ಸಣ್ಣಾದಲ್ಲಿ ವೇಗ ಹೆಚ್ಚು, ಒತ್ತಡ ಕಮ್ಮಿ ಅಂತ ಬಾಯಿಪಾಠ ಮಾಡಿ ಪಾಸಾದೆ ನೋಡ್ರಿ. ಯಾಕ ಅಂತ ಯಾರೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ," ಎನ್ನುತ್ತಾರೆ.

ಪಾಠ ಹೇಳಲು ನಿಂತಾಗ ಎದುರಿನ ಮಕ್ಕಳೂ ಅದನ್ನೇ ಬಾಯಿಪಾಠ ಮಾಡುತ್ತಿದ್ದರು. ಪ್ರಯೋಗಾಲಯದಲ್ಲಿ ತೋರಿಸಲು ಸಾಮಾನಿಲ್ಲ. ಅಣವೀರ ಮೊಬೈಲಿನಲ್ಲಿ ವಿಡಿಯೊ ನೋಡಿ ಪ್ರೋಗ್ರಾಮ್ ಬರೆಯುವುದನ್ನು ಕಲಿತು, ಕನ್ನಡದಲ್ಲಿ ಒಂದು ಆಟದಂಥ ಪಾಠ ತಯಾರಿಸಿದರು. ಪರದೆಯ ಮೇಲೊಂದು ಪೈಪು. ಮಕ್ಕಳೇ ಅದನ್ನು ಎಳೆದು ಕಿರಿದು ಮಾಡಬಹುದು. ಕಿರಿದಾದಲ್ಲಿ ನೀರಿನ ನೀಲಿ ಚುಕ್ಕೆಗಳು ಓಡುತ್ತವೆ, ಒತ್ತಡದ ಮುಳ್ಳು ಕೆಳಗಿಳಿಯುತ್ತದೆ. ತರಗತಿ ಲ್ಯಾಪ್‌ಟಾಪಿಗೆ ಮುತ್ತಿಕೊಂಡಿತು.

ಹೋದ ವರ್ಷ ಆ ಗುಂಪಿಗೆ ಸೇರದೆ ಒಬ್ಬಳು ಬೆಂಚಿನಲ್ಲೇ ಕುಳಿತಿದ್ದಳು. ಮಳಖೇಡದ ಸುಶ್ಮಿತಾ. ಹೈಸ್ಕೂಲಿನಲ್ಲಿ ಕಣ್ಣು ಮಸುಕಾಗುತ್ತ ಬಂದು, ಈಗ ಬೆಳಕು ಕತ್ತಲೆಯಷ್ಟೇ ತಿಳಿಯುತ್ತದೆ. ಹಟ ಮಾಡಿ ವಿಜ್ಞಾನ ತೆಗೆದುಕೊಂಡಿದ್ದಳು. ಆದರೆ ಕೂಲಿ ಮಾಡುವ ತಾಯಿ ಬಸ್ಸಮ್ಮನಿಗೆ ಕಂಡಕಂಡವರೆಲ್ಲ ಒಂದೇ ಬುದ್ಧಿ ಹೇಳುತ್ತಿದ್ದರು, ಕಲಾ ವಿಭಾಗಕ್ಕೆ ಹಾಕು ಎಂದು. ಕೊನೆಗೆ ಆಕೆ ಮಗಳನ್ನು ಬಿಡಿಸಲು ಕಾಲೇಜಿಗೇ ಬಂದರು. ಅಣವೀರ ಆಕೆಯನ್ನು ಕೂರಿಸಿ ಮಾತಾಡಿದರು.

"ಅಕ್ಕಾ, ದಸರಾ ತನಕ ತಡೀರಿ. ಅಷ್ಟರಾಗ ಅಕಿಗಿ ತಿಳೀಲಿಲ್ಲಂದ್ರ ಅದು ನನ್ನ ತಪ್ಪು, ಅಕಿದಲ್ಲ."

ಅಂದಿನಿಂದ ವಾಡಿಯಿಂದ ಕಾಲೇಜಿಗೆ ದಿನವೂ ಹೋಗಿಬರುವ ಅವರ ರೈಲು ಪ್ರಯಾಣವೆಲ್ಲ ಆ ಪ್ರೋಗ್ರಾಮಿಗೇ ಮೀಸಲಾಯಿತು. ನೀರಿನ ವೇಗಕ್ಕೆ ಟಕಟಕ ಸದ್ದು ಕೊಟ್ಟರು. ಒತ್ತಡಕ್ಕೆ ಏರಿಳಿಯುವ ಒಂದು ಸ್ವರ. ಮೊದಲ ಸಲ ಕೇಳಿದ ಸುಶ್ಮಿತಾ, ಎರಡೂ ಕಲಸಿಹೋಗಿ ತಲೆನೋವು ಬರುತ್ತಿದೆ ಎಂದು ಇಯರ್‌ಫೋನ್ ಕಿತ್ತಿಟ್ಟಳು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ವೇಗವನ್ನು ಎಡಗಿವಿಗೆ, ಒತ್ತಡವನ್ನು ಬಲಗಿವಿಗೆ ಹಂಚಿದರು. ಕೀಲಿ ಒತ್ತಿದರೆ ಪೈಪು ಕಿರಿದಾಗುವಂತೆ ಮಾಡಿದರು.

ಈ ಸಲ ಅವಳು ಸಿಟ್ಟಾದಳು. ಪೈಪು ಕಿರಿದಾದಂತೆ ಟಕಟಕ ಜೋರಾಗುತ್ತದೆ, ಸರಿ. ಆದರೆ ಬಲಗಿವಿಯ ಸ್ವರ ಇಳಿಯುವುದೇಕೆ?

"ಸರ್, ನಿಮ್ಮ ಪ್ರೋಗ್ರಾಮ್ ತಪ್ಪದ. ಸಣ್ಣ ಜಾಗದಾಗ ನೀರು ಜಾಸ್ತಿ ಒತ್ತಬೇಕಲ್ರಿ?"

ಅಣವೀರ ಉತ್ತರ ಹೇಳಲಿಲ್ಲ. ನೀರು ಅಲ್ಲಿ ಓಟ ಹೆಚ್ಚಿಸಿಕೊಂಡಿತಲ್ಲ, ಅದನ್ನು ನೂಕಿದವರು ಯಾರು ಎಂದಷ್ಟೇ ಕೇಳಿದರು. ಊಟದ ಬೆಲ್ ಹೊಡೆದು ಉಳಿದವರೆಲ್ಲ ಎದ್ದು ಹೋದರು. ಅವಳು ಪೈಪನ್ನು ಕಿರಿದು ಮಾಡುತ್ತ, ಹಿಗ್ಗಿಸುತ್ತ ಕುಳಿತೇ ಇದ್ದಳು. ಆಮೇಲೆ ನಿಧಾನಕ್ಕೆ ಹೇಳಿದಳು: "ಹಿಂದ ಒತ್ತಡ ಜಾಸ್ತಿ ಇದ್ರೇನೇ ನೀರು ಮುಂದಕ್ಕ ಜೋರಾಗಿ ನೂಕಿಸ್ಕೋತದ. ಅಂದ್ರ ಸಣ್ಣ ಜಾಗದಾಗ ಕಮ್ಮಿನೇ ಇರಬೇಕು."

ಆ ಮಾತನ್ನು ಅಣವೀರ ಇವತ್ತಿಗೂ ನೆನೆಯುತ್ತಾರೆ. "ನಾ ಓದೋವಾಗ ಯಾರೂ ನನಗ ಹಿಂಗ ಹೊಳೆಯೋ ತನಕ ಕುಂದ್ರಿಸಿರಲಿಲ್ಲ. ಭಾಳ ಖುಷಿ ಆತ್ರಿ ಅವತ್ತ."

ದಸರಾ ಬಂತು, ಹೋಯಿತು. ಬಸ್ಸಮ್ಮ ಮಗಳನ್ನು ಬಿಡಿಸುವ ಮಾತೆತ್ತಲಿಲ್ಲ. ವರ್ಷದ ಪರೀಕ್ಷೆಯಲ್ಲಿ ಸುಶ್ಮಿತಾ ಬಾಯಲ್ಲಿ ಹೇಳಿ ಬೇರೊಬ್ಬಳಿಂದ ಬರೆಸಿ ಪಾಸಾದಳು. ಭೌತಶಾಸ್ತ್ರದಲ್ಲೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಅಂಕ. ಕಣ್ಣಿರುವ ಮಕ್ಕಳೂ ಈಗ ಇಯರ್‌ಫೋನ್ ಕೇಳಿ ಪಡೆಯುತ್ತಾರೆ. ಸೇಡಂ, ಶಹಾಬಾದಿನ ಕೆಲವು ಉಪನ್ಯಾಸಕರು ಪೆನ್‌ಡ್ರೈವಿನಲ್ಲಿ ಆ ಪಾಠ ಒಯ್ದಿದ್ದಾರೆ. ಅಣವೀರರಿಗೆ ಮಾತ್ರ ಪ್ರತಿ ಜೂನ್ ಬಂದರೆ ಮತ್ತೆ ಕರೆ ಬರುತ್ತದೋ ಇಲ್ಲವೋ ಎಂಬ ಚಿಂತೆ. ಅತಿಥಿ ಉಪನ್ಯಾಸಕರ ಬದುಕೇ ಹಾಗೆ.

ನಾನು ಹೋದ ದಿನ ಪ್ರಥಮ ಪಿಯುಸಿಗೆ ಇದೇ ಪಾಠ. ದ್ವಿತೀಯ ವರ್ಷದ ಸುಶ್ಮಿತಾ ಮೇಜಿನ ಮುಂದೆ ಕುಳಿತು ಹೊಸ ಮಕ್ಕಳ ಬೆರಳು ಹಿಡಿದು ಕೀಲಿ ತೋರಿಸುತ್ತಿದ್ದಾಳೆ. ಅವರಲ್ಲೊಬ್ಬಳು, ಪ್ರೋಗ್ರಾಮ್ ತಪ್ಪಿರಬೇಕು ಎನ್ನುತ್ತಾಳೆ. ಸುಶ್ಮಿತಾ ನಕ್ಕು, ನೂಕಿದವರು ಯಾರು ಹೇಳು ಎನ್ನುತ್ತಾಳೆ. ಅಣವೀರ ಹೊರಗೆ ವರಾಂಡದಲ್ಲಿ ನಿಂತಿದ್ದಾರೆ. ಒಳಗೆ ಹೋಗುವುದಿಲ್ಲವೇ ಎಂದು ಕೇಳುತ್ತೇನೆ.

"ಇಲ್ರಿ," ಎಂದು ದನಿ ತಗ್ಗಿಸುತ್ತಾರೆ. "ನಾ ಒಳಗ ಹೋದ್ರ ಎಲ್ಲಾರೂ ನನಗ ಕೇಳ್ತಾರ. ಈಗ ಅಕಿಗಿ ಕೇಳ್ಲಿಕತ್ತಾರ."