ಹೊಲಿಗೆ ಮೇಡಂ ಕಲಿಸಿದ ಪಿ.ಟಿ.

ಗುಬ್ಬಿಯ ನಮ್ಮ ಹೈಸ್ಕೂಲಿನಲ್ಲಿ ಹುಡುಗಿಯರನ್ನು ಮೈದಾನಕ್ಕೆ ತಂದವನು ನಾನಲ್ಲ. ತಂದವರು ಹೊಲಿಗೆ ಟೀಚರ್ ರತ್ನಮ್ಮ. ಇಷ್ಟು ವರ್ಷ ಆ ಹೆಸರು ಮುಚ್ಚಿಟ್ಟು, ಹೊಗಳಿಕೆಯನ್ನೆಲ್ಲ ನಾನೇ ಪಡೆದೆ.

ತೊಂಬತ್ತರ ದಶಕದಲ್ಲಿ ನಾನು ಅಲ್ಲಿ ಪಿ.ಟಿ. ಮೇಷ್ಟ್ರು. ನನ್ನ ಪಾಠವೆಂದರೆ ಸೀಟಿ, ಬೈಗುಳ, ಕೊನೆಗೆ ಬಂದವರಿಗೆ ಇನ್ನೆರಡು ಸುತ್ತು. ಎಂಟನೇ ಕ್ಲಾಸಿನ ನಸ್ರೀನ್‌ಗೆ ಒಮ್ಮೆ ಎಲ್ಲರೆದುರು, "ಎತ್ತಿನ ಗಾಡಿನೂ ನಿನ್ಗಿಂತ ಮುಂದೆ ಹೋಯ್ತದೆ ಕಣಮ್ಮ" ಎಂದೆ. ಮಕ್ಕಳು ನಕ್ಕರು — ನಾನೂ ನಕ್ಕೆ. ಅಂದಿನಿಂದ ನನ್ನ ಪೀರಿಯಡ್ ಬಂದರೆ ಅವಳಿಗೆ ಹೊಟ್ಟೆನೋವು. ಆಮೇಲೆ ಇನ್ನೂ ಹತ್ತಾರು ಹುಡುಗಿಯರಿಗೆ.

ಆ ವರ್ಷ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡೆ. ಮೂರು ತಿಂಗಳು ನನ್ನ ಕ್ಲಾಸುಗಳು ರತ್ನಮ್ಮನವರ ಪಾಲಿಗೆ ಬಂದವು. ಅವರಿಗೆ ಆಟದ ನಿಯಮ ಒಂದೂ ಗೊತ್ತಿರಲಿಲ್ಲ. ಹೊಲಿಗೆಯ ಟೇಪ್ ಹಿಡಿದು ಪ್ರತಿಯೊಬ್ಬರ ಜಿಗಿತವನ್ನೂ ಅಳೆದರು. ಅವರವರ ಅಳತೆ ಅವರವರಿಗಷ್ಟೇ ಹೇಳಿದರು. ಮುಂದಿನ ವಾರ ಅದನ್ನು ದಾಟಬೇಕು — ಪಕ್ಕದವಳನ್ನಲ್ಲ.

ನಾನು ಕುಂಟುತ್ತ ಮರಳಿದಾಗ ಹುಡುಗಿಯರು ಬೆಲ್ಲಿಗೂ ಮೊದಲೇ ಮೈದಾನದಲ್ಲಿದ್ದರು. ನಸ್ರೀನ್ ಓಡುತ್ತಿದ್ದಳು — ಎಲ್ಲರಿಗಿಂತ ಹಿಂದೆಯೇ, ಆದರೆ ನಗುತ್ತ. ಅದೇ ಕ್ರಮವನ್ನು ಮುಂದುವರಿಸಿದೆ. ತುಮಕೂರಿನ ಶಿಕ್ಷಕರ ತರಬೇತಿಯಲ್ಲಿ ಅದನ್ನು ವಿವರಿಸಿದಾಗ, ಯಾರ ಯೋಚನೆ ಇದು ಎಂದು ಇಲಾಖೆಯ ಸಾಹೇಬರು ಕೇಳಿದರು.

"ನಂದೇ ಸಾರ್."

ಶಾಲು ಹೊದಿಸಿದರು. ಸುದ್ದಿ ತಿಳಿದ ರತ್ನಮ್ಮ ಸ್ಟಾಫ್ ರೂಮಿನಲ್ಲಿ ತಲೆಯೆತ್ತದೆ, "ಮಕ್ಳು ಆಡ್ತಾ ಅವ್ರಲ್ಲ ಸಾರ್, ಅಷ್ಟು ಸಾಕು ಬುಡಿ" ಎಂದರು. ಬೈದಿದ್ದರೆ ನನಗೇ ಹಗುರಾಗುತ್ತಿತ್ತು. ಮರುವರ್ಷ ಅವರಿಗೆ ವರ್ಗವಾಯಿತು.

ಎಷ್ಟೋ ವರ್ಷದ ಮೇಲೆ ಕುಣಿಗಲ್‌ನ ಒಂದು ಶಾಲೆಯವರು ಕ್ರೀಡಾದಿನಕ್ಕೆ ಕರೆದರು. ಅಲ್ಲಿನ ಪಿ.ಟಿ. ಟೀಚರ್ ನಸ್ರೀನ್! ಅವಳ ಕೈಯಲ್ಲೂ ಹೊಲಿಗೆಯ ಟೇಪ್; ಅವಳ ಮೈದಾನದಲ್ಲಿ ಒಂದು ಮಗುವೂ ಬದಿಗೆ ಕೂತಿರಲಿಲ್ಲ. ನನ್ನ ಎದೆ ಉಬ್ಬಿತು, ಸುಳ್ಳು ಹೇಳಲಾರೆ. ಈ ಕ್ರಮ ಕಂಡುಹಿಡಿದವರು ಇವರೇ ಎಂದು ಹೆಡ್‌ಮಾಸ್ಟರ್ ನನ್ನನ್ನು ಪರಿಚಯಿಸಿದರು. ನಸ್ರೀನ್ ನನ್ನನ್ನೇ ನೋಡಿದಳು. ನಾನು ಮೈಕ್ ಹಿಡಿದು ಮಕ್ಕಳನ್ನು ಹೊಗಳಿ ಕೂತೆ.

ಬಸ್ ಹತ್ತಿಸಲು ಬಂದವಳು ಮೆಲ್ಲಗೆ ಹೇಳಿದಳು: "ಹೊಲಿಗೆ ಮೇಡಂ ರಿಟೈರ್ ಆಗಿ ತುಮಕೂರಲ್ಲೇ ಅವ್ರೆ ಸಾರ್, ಉಪ್ಪಾರಹಳ್ಳಿಲಿ."

ಮರುದಿನವೇ ಹೋದೆ. ಎಲ್ಲವನ್ನೂ ಹೇಳಿದೆ. ಕ್ಷಮಿಸಿದೆ ಎಂದು ಅವರು ಅನ್ನಲಿಲ್ಲ, ನಾನೂ ಕೇಳಲಿಲ್ಲ. ನಸ್ರೀನ್‌ಳ ಶಾಲೆಯಲ್ಲಿ ಎಷ್ಟು ಮಕ್ಕಳು ಆಡುತ್ತಾರೆ ಎಂದಷ್ಟೇ ವಿಚಾರಿಸಿದರು.

"ಎಲ್ರೂ, ಮೇಡಂ" ಎಂದೆ.

ಅವರ ಮುಖದಲ್ಲಿ ಆಗ ಎದ್ದು ಬಂದ ಹೆಮ್ಮೆ — ಅದನ್ನೇ ನಾನು ಇಷ್ಟು ವರ್ಷ ಅವರಿಂದ ಕಿತ್ತಿಟ್ಟುಕೊಂಡಿದ್ದೆ.